‘ಬೇಡ’ ಅಂದ ಮೇಲೆ ಏನಾಗುತ್ತದೆ?

“ಮೇಡಂ, ಎಲ್ಲದಕ್ಕೂ ನಾನೇ ಒಪ್ಪಿದ್ದೆ. ಈಗ ಅದನ್ನು ದೌರ್ಜನ್ಯ ಅಂತ ಯಾವ ಬಾಯಲ್ಲಿ ಹೇಳಲಿ?”

ಆಪ್ತಸಮಾಲೋಚನೆಗೆ ಬರುವವರಲ್ಲಿ ಬಿಡಿಎಸ್‌ಎಂ (ಒಪ್ಪಿಕೊಂಡು ಕಟ್ಟುವ, ಆಳುವ, ನೋವು ಕೊಡುವ ಲೈಂಗಿಕ ಆಟ) ಬದುಕಿನವರಿಂದ ನಾನು ಪದೇ ಪದೇ ಕೇಳುವ ಮಾತು ಇದು. ಈ ಮಾತಿಗೆ ಬರುವುದಕ್ಕೇ ಅವರಿಗೆ ತುಂಬಾ ದಿನ ಬೇಕಾಗುತ್ತದೆ. ಮೊದಮೊದಲು ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ. ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಅನ್ನುತ್ತಾರೆ. ನಾನು ಮುಖ ಸಿಂಡರಿಸುವುದಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ನಿಜವಾದ ವಿಷಯ ಹೊರಗೆ ಬರುತ್ತದೆ. ಅವರು ಹೆದರುವುದರಲ್ಲಿ ಅರ್ಥ ಇದೆ. ಹೊರಗಿನವರಿಗೆ ಹೇಳಿದರೆ “ಹೊಡೆಸಿಕೊಳ್ಳೋಕೆ ನೀನೇ ಹೋಗಿದ್ದೆ ಅಲ್ವಾ” ಅನ್ನುತ್ತಾರೆ. ಒಳಗಿನವರಿಗೆ ಹೇಳಿದರೆ “ಅವರು ಅಷ್ಟು ಅನುಭವಸ್ಥರು, ನಿನಗೇ ಅರ್ಥವಾಗಿಲ್ಲ” ಅನ್ನುತ್ತಾರೆ.

ಈ ಲೋಕದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಕಟ್ಟುವುದು, ಕಟ್ಟಿಸಿಕೊಳ್ಳುವುದು, ಆಜ್ಞೆ ಮಾಡುವುದು, ಪಾಲಿಸುವುದು, ನೋವನ್ನು ಸುಖದ ಭಾಗವಾಗಿ ಕೊಡುವುದು, ಪಡೆಯುವುದು, ಇವೆಲ್ಲ ವಯಸ್ಕರು ಮೊದಲೇ ಮಾತಾಡಿಕೊಂಡು ನಡೆಸುವ ಸಂಗತಿಗಳು. ಒಂದು ಸಲದ ಆಟಕ್ಕೆ ಸೀನ್ ಅನ್ನುತ್ತಾರೆ. ಮುನ್ನಡೆಸುವವರು ಡಾಮ್, ಒಪ್ಪಿಸಿಕೊಳ್ಳುವವರು ಸಬ್. ಯಾವುದನ್ನು ಮಾಡಲೇಬಾರದು ಅನ್ನುವುದು ಹಾರ್ಡ್ ಲಿಮಿಟ್. ಆಟವನ್ನು ಅಲ್ಲಿಗೇ ನಿಲ್ಲಿಸುವ, ಮೊದಲೇ ಗೊತ್ತುಮಾಡಿಕೊಂಡ ಪದ ಸೇಫ್‌ವರ್ಡ್. ಮುಗಿದ ಮೇಲೆ ನೀರು ಕೊಟ್ಟು, ಹೊದಿಸಿ, ಪಕ್ಕದಲ್ಲಿ ಕೂತು ಸಂತೈಸುವುದು ಆಫ್ಟರ್‌ಕೇರ್.

ಇದು ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಒಪ್ಪಿಗೆಯ ಸ್ಯಾಡೋಮ್ಯಾಸೋಕಿಸಂ, ಅಂದರೆ ನೋವು ಕೊಡುವುದರಲ್ಲಿ, ಪಡೆಯುವುದರಲ್ಲಿ ಸುಖ ಕಾಣುವುದು, ಆ ಪಟ್ಟಿಯಲ್ಲಿ ಈಗ ಕಾಯಿಲೆಯಾಗಿ ಇಲ್ಲ. ಅಮೆರಿಕದ ಮನೋವೈದ್ಯರ ಸಂಘವೂ 2013ರ ತನ್ನ ಕೈಪಿಡಿಯಲ್ಲಿ ವಿಶಿಷ್ಟ ಲೈಂಗಿಕ ಆಸಕ್ತಿ ಬೇರೆ, ಕಾಯಿಲೆ ಬೇರೆ ಅಂತ ಗೆರೆ ಎಳೆಯಿತು. ಹಾಗಾಗಿ ಈ ಅಂಕಣ ಯಾರ ಆಸೆಯನ್ನೂ ತಿದ್ದಲು ಹೊರಟಿದ್ದಲ್ಲ. ಆ ಆಸೆಯ ಹೆಸರಲ್ಲಿ ಇನ್ನೊಬ್ಬರನ್ನು ಹಿಂಸಿಸುವವರಿದ್ದಾರೆ. ಅವರನ್ನು ಗುರುತಿಸುವುದು ಹೇಗೆ ಅನ್ನುವುದಷ್ಟೇ ನನ್ನ ವಿಷಯ.

ಮೈಮೇಲಿನ ಗುರುತು ನೋಡಿ ಇದನ್ನು ಹೇಳಲು ಆಗುವುದಿಲ್ಲ. ಎದುರಿಗೆ ಕೂತವರ ಬೆನ್ನಿನ ಮೇಲೆ ಬಾಸುಂಡೆ ಇರಬಹುದು, ಅವರು ನೆಮ್ಮದಿಯಾಗಿಯೂ ಇರಬಹುದು. ಇನ್ನೊಬ್ಬರ ಮೈಮೇಲೆ ಒಂದು ಗೀರೂ ಇರುವುದಿಲ್ಲ, ಫೋನ್ ಸದ್ದಾದರೆ ಸಾಕು, ಬೆಚ್ಚಿ ಬೀಳುತ್ತಾರೆ. ಅದಕ್ಕೇ ನಾನು ಮೊದಲು ಏನು ಮಾಡಿದರು ಅಂತ ಕೇಳುವುದಿಲ್ಲ. “ನೀವು ಬೇಡ ಅಂದಾಗ ಏನಾಯಿತು?” ಅಂತ ಕೇಳುತ್ತೇನೆ. ಆ ಕ್ಷಣದಲ್ಲಿ ಏನಾಯಿತು, ಅವತ್ತು ರಾತ್ರಿ ಏನಾಯಿತು, ಆಮೇಲಿನ ವಾರದಲ್ಲಿ ಏನಾಯಿತು.

ಒಳ್ಳೆಯ ಸಂಬಂಧದಲ್ಲಿ ಉತ್ತರ ತೀರಾ ಸಪ್ಪೆಯಾಗಿರುತ್ತದೆ. ನಿಲ್ಲಿಸಿದರು, ಕಟ್ಟು ಬಿಚ್ಚಿದರು, ಏನಾಯಿತು ಅಂತ ಕೇಳಿದರು, ಅಷ್ಟೇ. ಕೆಟ್ಟ ಸಂಬಂಧದಲ್ಲಿ ಆ ಉತ್ತರಕ್ಕೆ ದೊಡ್ಡ ಕಥೆಯೇ ಇರುತ್ತದೆ. ಆಟ ನಿಂತಿತು, ಆದರೆ ಎರಡು ದಿನ ಮಾತು ಬಿಟ್ಟರು. ನಿಂತಿತು, ಆದರೆ “ನನ್ನ ಮೂಡ್ ಹಾಳು ಮಾಡಿದೆ” ಅಂತ ಬೈದರು. ಆಫ್ಟರ್‌ಕೇರ್ ಕೊಡದೆ ಎದ್ದು ಹೋದರು. ಮುಂದಿನ ಸಲ ಸೇಫ್‌ವರ್ಡ್ ಬಾಯಿಗೆ ಬಂದರೂ ನುಂಗಿಕೊಂಡೆ. ಹೀಗೆ ನುಂಗಿಕೊಳ್ಳುವುದನ್ನು ಕಲಿಸುವುದೇ ದೌರ್ಜನ್ಯ ಮಾಡುವವರ ಕೆಲಸ. ಸೇಫ್‌ವರ್ಡ್ ಕಾಗದದ ಮೇಲೆ ಇರುತ್ತದೆ, ಬಳಸಿದರೆ ಬೆಲೆ ತೆರಬೇಕಾಗುತ್ತದೆ.

ಇದನ್ನು ಸೀನ್‌ಗೆ ಮುಂಚೆಯೇ ಎಷ್ಟೋ ಮಟ್ಟಿಗೆ ಗುರುತಿಸಬಹುದು. ಹೊಸಬರಿಗೆ ನಾನು ಹೇಳುವುದು, ಮೊದಲು ಸಣ್ಣ ‘ಬೇಡ’ಗಳನ್ನು ಗಮನಿಸಿ. “ಈ ವಾರ ಆಗಲ್ಲ”, “ಮೊದಲ ಭೇಟಿ ನಾಲ್ಕು ಜನ ಇರುವ ಕಡೆಯೇ ಆಗಲಿ”, “ಫೋಟೋ ಕಳಿಸಲ್ಲ”. ಇಂಥ ಮಾತಿಗೆ ಅವರು ಸುಮ್ನೆ ಸರಿ ಅನ್ನುತ್ತಾರಾ? ಚೌಕಾಸಿ ಮಾಡುತ್ತಾರಾ? ಪರಿಚಯವಾದ ಎರಡನೇ ದಿನಕ್ಕೇ “ನನ್ನನ್ನು ಮಾಸ್ಟರ್ ಅನ್ನು” ಅಂತ ಒತ್ತಾಯಿಸುವವರು, “ನಿಜವಾದ ಸಬ್‌ಗೆ ಲಿಮಿಟ್ ಇರೋದಿಲ್ಲ” ಅನ್ನುವವರು, “ನನ್ನ ಜೊತೆ ಸೇಫ್‌ವರ್ಡ್ ಬೇಕಾಗಲ್ಲ, ನಿನ್ನ ಮೈ ನನಗೆ ಗೊತ್ತಾಗುತ್ತೆ” ಅನ್ನುವವರು, ಹಳೆಯ ಸಂಗಾತಿಗಳೆಲ್ಲ ಹುಚ್ಚರು ಅನ್ನುವವರು. ಇವರಿಂದ ದೂರ ಇರಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಇದರಲ್ಲಿ ಮುಲಾಜಿಲ್ಲ.

1983ರ ಸುಮಾರಿಗೆ ನ್ಯೂಯಾರ್ಕ್‌ನ ಒಂದು ಗೇ ಪುರುಷರ ಗುಂಪು ‘ಸೇಫ್, ಸೇನ್, ಕನ್ಸೆನ್ಶುಯಲ್’ ಅನ್ನುವ ಮಾತನ್ನು ಬಳಕೆಗೆ ತಂದಿತು. ಆಟ ಸುರಕ್ಷಿತವಾಗಿರಲಿ, ಬುದ್ಧಿ ನೆಟ್ಟಗಿರಲಿ, ಎಲ್ಲರ ಒಪ್ಪಿಗೆ ಇರಲಿ ಅಂತ ಅದರ ಆಶಯ. ಹಿಂಸೆಯಿಂದ ತಮ್ಮ ಆಟವನ್ನು ಬೇರೆ ಮಾಡಿ ತೋರಿಸಲು ಆ ಜನ ತಾವೇ ಕಟ್ಟಿಕೊಂಡ ನಿಯಮ ಅದು. ದುಃಖದ ವಿಷಯ ಏನೆಂದರೆ, ದೌರ್ಜನ್ಯ ಮಾಡುವವರಿಗೂ ಈ ಪದಗಳು ಬಾಯಿಪಾಠ ಇರುತ್ತವೆ. ನೆಗೋಷಿಯೇಷನ್ (ಮೊದಲೇ ಮಾತಾಡಿಕೊಳ್ಳುವುದು), ಆಫ್ಟರ್‌ಕೇರ್, ಟ್ರಸ್ಟ್ ಎಲ್ಲವನ್ನೂ ಚೆನ್ನಾಗಿ ಮಾತಾಡುತ್ತಾರೆ. ಪದಗಳನ್ನು ಬಲ್ಲವರು ಅನ್ನುವ ಕಾರಣಕ್ಕೇ ಯಾರನ್ನೂ ನಂಬಬೇಡಿ.

ಹಾಗಾದರೆ ತಪ್ಪುಗಳೇ ಆಗಬಾರದಾ? ಆಗುತ್ತವೆ. ಹಗ್ಗ ನರವನ್ನು ಒತ್ತಿ ಬೆರಳು ಜೋಮು ಹಿಡಿಯುತ್ತದೆ. ಏಟು ತಪ್ಪಾದ ಜಾಗಕ್ಕೆ ಬೀಳುತ್ತದೆ. ಮಾತಾಡಿಕೊಂಡಿದ್ದನ್ನು ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಂಡಿರುತ್ತಾರೆ. ತಪ್ಪು ಮಾಡಿದವರು ನಿಮ್ಮ ಮಾತನ್ನು ಪೂರ್ತಿ ಕೇಳಿ, ತಮ್ಮ ಪಾಲನ್ನು ಒಪ್ಪಿ, ಮುಂದೆ ನಡೆಯುವ ರೀತಿ ಬದಲಿಸಿದರೆ ಅದು ಅವಘಡ. ನಿಮ್ಮನ್ನೇ ಕ್ಷಮೆ ಕೇಳುವ ಹಾಗೆ ಮಾಡಿದರೆ, ಅದೇ ‘ಅವಘಡ’ ಮತ್ತೆ ಮತ್ತೆ ಆದರೆ, ಅದನ್ನು ಅವಘಡ ಅನ್ನಬೇಡಿ.

ಸೀನ್ ನಡುವೆ ಒಪ್ಪಿಗೆ ಕೇಳುವ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲೇ ತುಂಬಾ ಜನ ತಮ್ಮನ್ನು ತಾವು ದೂಷಿಸಿಕೊಳ್ಳುತ್ತಾರೆ. ತೀವ್ರ ನೋವು ಮತ್ತು ಉದ್ವೇಗದಲ್ಲಿ ಮೈಯಲ್ಲಿ ಅಡ್ರಿನಲಿನ್, ಎಂಡಾರ್ಫಿನ್ ಅನ್ನುವ ರಾಸಾಯನಿಕಗಳು ಏರುತ್ತವೆ. ಆಗ ಒಂದು ತೇಲುವ ಸ್ಥಿತಿ ಬರಬಹುದು. ಅದಕ್ಕೆ ಸಬ್‌ಸ್ಪೇಸ್ ಅನ್ನುತ್ತಾರೆ. ನೋವು ಸರಿಯಾಗಿ ತಿಳಿಯುವುದಿಲ್ಲ, ಯೋಚನೆ ಮಂಕಾಗುತ್ತದೆ, ಯಾವುದಕ್ಕೂ ಹೂಂ ಅನ್ನಬೇಕು ಅನ್ನಿಸುತ್ತದೆ. ಮೊದಲು ಬೇಡ ಅಂದಿದ್ದನ್ನು ಆ ಸ್ಥಿತಿಯಲ್ಲಿ ಕೇಳಿ ಹೂಂ ಅನ್ನಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ಕುಡಿದವರಿಂದ ಪಡೆದ ಒಪ್ಪಿಗೆಯೂ ಅಷ್ಟೇ. ಇನ್ನು ಕೆಲವರಿಗೆ ಹೆದರಿಕೆಯಲ್ಲಿ ಬಾಯಿ ಕಟ್ಟಿಹೋಗುತ್ತದೆ, ಮೈ ಮರಗಟ್ಟುತ್ತದೆ. “ಸೇಫ್‌ವರ್ಡ್ ಹೇಳಬಹುದಿತ್ತು, ಹೇಳಲಿಲ್ಲ, ತಪ್ಪು ನನ್ನದೇ” ಅನ್ನುತ್ತಾರೆ. ಅಪಾಯ ಎದುರಾದಾಗ ಮೈ ತಾನಾಗಿ ಹಾಗೆ ಮಾಡುತ್ತದೆ, ಅದು ನಿಮ್ಮ ಆಯ್ಕೆ ಆಗಿರಲಿಲ್ಲ. ಅನುಭವ ಇರುವ, ಕಾಳಜಿ ಇರುವ ಡಾಮ್‌ಗೆ ಇದು ಗೊತ್ತಿರುತ್ತದೆ. ಅವರು ನಡುನಡುವೆ ಕೇಳುತ್ತಾರೆ, ಬಾಯಿ ಕಟ್ಟಿದ್ದರೆ ಕೈಯಲ್ಲಿ ಚೆಂಡು ಕೊಟ್ಟು ‘ಬೀಳಿಸಿದರೆ ನಿಲ್ಲಿಸುತ್ತೇನೆ’ ಅನ್ನುತ್ತಾರೆ, ಉತ್ತರ ಬರದಿದ್ದರೆ ತಾವೇ ನಿಲ್ಲಿಸುತ್ತಾರೆ.

ಸೀನ್‌ನ ಹೊರಗಿನ ಬದುಕನ್ನೂ ನೋಡಿ. ಹಗಲೂ ರಾತ್ರಿ ಅಧಿಕಾರ ಒಪ್ಪಿಸಿ ಬದುಕುವ ಜೋಡಿಗಳಿದ್ದಾರೆ, ಸಂತೋಷವಾಗಿಯೂ ಇದ್ದಾರೆ. ಅಲ್ಲಿಯೂ ಕೊಟ್ಟ ಅಧಿಕಾರವನ್ನು ವಾಪಸ್ ಪಡೆಯುವ ದಾರಿ ತೆರೆದಿರಬೇಕು. ಸಂಬಳ ಅವರ ಕೈಯಲ್ಲಿ, ಫೋನ್ ಪಾಸ್‌ವರ್ಡ್ ಅವರ ಹತ್ತಿರ, ಗೆಳೆಯರನ್ನು ಕಾಣಲು ಅನುಮತಿ ಬೇಕು, ಡಾಕ್ಟರ ಹತ್ತಿರ ಹೋಗಲು ಬಿಡುವುದಿಲ್ಲ, ಶಿಕ್ಷೆ ಅನ್ನುವುದು ನಿಜವಾದ ಸಿಟ್ಟಿನಲ್ಲಿ ಬೀಳುತ್ತದೆ. ಇದಕ್ಕೆ ‘ಪ್ರೋಟೋಕಾಲ್’ (ನಡವಳಿಕೆಯ ನಿಯಮ) ಅಂತ ಹೆಸರಿಟ್ಟರೂ ಇದು ಹಿಡಿತದ ದೌರ್ಜನ್ಯವೇ. ಬಿಟ್ಟು ಹೋದರೆ ಫೋಟೋ ಹರಿಬಿಡುತ್ತೇನೆ, ಮನೆಯವರಿಗೆ, ಆಫೀಸಿಗೆ ಹೇಳುತ್ತೇನೆ ಅನ್ನುವ ಬೆದರಿಕೆ ಬಂದರೆ ಅನುಮಾನಕ್ಕೆ ಜಾಗವೇ ಇಲ್ಲ.

ಒಂದು ಕೃತ್ಯದ ಬಗ್ಗೆ ನಾನು ಬೇರೆಯಾಗಿಯೇ ಎಚ್ಚರಿಸುತ್ತೇನೆ. ಕತ್ತು ಹಿಸುಕುವುದು. ಇದನ್ನು ಸುರಕ್ಷಿತವಾಗಿ ಮಾಡುವ ವಿಧಾನವೇ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಹೊರಗೆ ಗುರುತೇ ಕಾಣದೆ ಒಳಗೆ ರಕ್ತನಾಳ ಸೀಳಿ, ಗಂಟೆಗಳು ಅಥವಾ ದಿನಗಳ ನಂತರ ಪಾರ್ಶ್ವವಾಯು ಹೊಡೆಯಬಹುದು. ಧ್ವನಿ ಬದಲಾದರೆ, ನುಂಗಲು ಕಷ್ಟವಾದರೆ, ತಲೆನೋವು ಬಿಡದಿದ್ದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೌಟುಂಬಿಕ ಹಿಂಸೆಯ ಸಂಶೋಧನೆಗಳಲ್ಲಿ, ಸಂಗಾತಿಯಿಂದ ಒಮ್ಮೆ ಕತ್ತು ಹಿಸುಕಿಸಿಕೊಂಡ ಮಹಿಳೆಗೆ ಮುಂದೆ ಅದೇ ಸಂಗಾತಿಯಿಂದ ಕೊಲೆಯಾಗುವ ಅಪಾಯ ಹಲವು ಪಟ್ಟು ಜಾಸ್ತಿ ಅಂತ ಕಂಡಿದೆ. ನೀವು ಒಪ್ಪದೆ, ಸಿಟ್ಟಿನಲ್ಲಿ ಒಮ್ಮೆ ಕತ್ತಿಗೆ ಕೈ ಹಾಕಿದ್ದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಡಾಮ್‌ಗಳೂ ದೌರ್ಜನ್ಯಕ್ಕೆ ಒಳಗಾಗುತ್ತಾರೆ. ತಮಗೆ ಒಗ್ಗದ್ದನ್ನು ಮಾಡು ಅಂತ ಒತ್ತಾಯ ಬರುತ್ತದೆ. “ಮಾಡದಿದ್ದರೆ ನೀನು ಡಾಮ್ ಅಲ್ಲವೇ ಅಲ್ಲ” ಅಂತ ಹಂಗಿಸುತ್ತಾರೆ. ನಿಲ್ಲಿಸಿದರೆ ಊರಿಗೆಲ್ಲ ಸುದ್ದಿ ಮಾಡುವ ಬೆದರಿಕೆ ಬರುತ್ತದೆ. ಸೇಫ್‌ವರ್ಡ್ ಅವರದ್ದೂ ಹೌದು. ಗಂಡಸರು ಇದನ್ನು ಹೇಳಿಕೊಳ್ಳಲು ಇನ್ನೂ ನಾಚುತ್ತಾರೆ.

ಸಮುದಾಯದ ಒಳಗೆ ದೂರು ಕೊಡುವುದು ಸುಲಭವಲ್ಲ. ಹಿಂಸೆ ಮಾಡಿದವರು ಎಷ್ಟೋ ಸಲ ಕಾರ್ಯಾಗಾರ ನಡೆಸುವವರು, ಕಾರ್ಯಕ್ರಮ ಸಂಘಟಿಸುವವರು, ಎಲ್ಲರಿಗೂ ಬೇಕಾದವರು ಆಗಿರುತ್ತಾರೆ. ಹೇಳಿದವರಿಗೆ ‘ಡ್ರಾಮಾ ಮಾಡುವವಳು’ ಅನ್ನುವ ಹಣೆಪಟ್ಟಿ ಬೀಳುತ್ತದೆ. ಹಳಬರು ಹೊಸಬರ ಕಿವಿಯಲ್ಲಿ “ಅವರ ಹತ್ತಿರ ಹುಷಾರು” ಅಂತ ಪಿಸುಗುಟ್ಟಿ ಸುಮ್ಮನಾಗುತ್ತಾರೆ. ಪಿಸುಮಾತು ತಲುಪದವರು ಸಿಕ್ಕಿಬೀಳುತ್ತಾರೆ. ಸಂಘಟಕರಿಗೆ ನನ್ನ ಮಾತು ಇಷ್ಟೇ. ದೂರನ್ನು ಬರೆದಿಟ್ಟುಕೊಳ್ಳಿ. ಆರೋಪಿಯ ಗೆಳೆಯರನ್ನು ತೀರ್ಪಿಗೆ ಕೂರಿಸಬೇಡಿ. ವಿಚಾರಣೆ ಮುಗಿಯುವವರೆಗೆ ಆರೋಪಿಯನ್ನು ಕಾರ್ಯಕ್ರಮದಿಂದ ಹೊರಗಿಡಿ. ನಿಮ್ಮ ಗುಂಪಿನ ಹೆಸರಿಗಿಂತ ದೂರು ಕೊಟ್ಟವರ ಜೀವ ದೊಡ್ಡದು.

ಒಪ್ಪಂದದ ಕಾಗದಕ್ಕೆ ಸಹಿ ಹಾಕಿದ್ದೇನೆ ಅಂತ ಹೆದರುವವರಿದ್ದಾರೆ. ಅಂಥ ಕಾಗದ ನಿಮ್ಮನ್ನು ಕಾನೂನಿನ ಮುಂದೆ ಕಟ್ಟಿಹಾಕುವುದಿಲ್ಲ, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದೆ ಪಡೆಯಬಹುದು. ಆದರೆ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ 1993ರ ಹೌಸ್ ಆಫ್ ಲಾರ್ಡ್ಸ್ ತೀರ್ಪು, ಇಂಥ ಆಟದಲ್ಲಿ ಗಾಯವಾದರೆ ಗಾಯಗೊಂಡವರ ಒಪ್ಪಿಗೆ ರಕ್ಷಣೆ ಆಗದು ಅಂದಿತು. ಗಂಭೀರ ಗಾಯದ ಮಟ್ಟಿಗೆ ಇದನ್ನು 2021ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲೂ ಬರೆಯಲಾಯಿತು. ಆ 1993ರ ಪ್ರಕರಣದಲ್ಲಿ ನೋವು ಪಡೆದ ಕೆಲವರಿಗೂ ಶಿಕ್ಷೆಯಾಗಿತ್ತು. ಹಾಗಾಗಿ ದೂರು ಕೊಡುವ ಮೊದಲು ಸಾಧ್ಯವಾದರೆ ವಕೀಲರ ಹತ್ತಿರ ಮಾತಾಡಿ. ಜೀವಕ್ಕೆ ಅಪಾಯ ಇದ್ದರೆ ಕಾಯಬೇಡಿ, ಪೊಲೀಸರಿಗೆ ಫೋನ್ ಮಾಡಿ.

ನೆರವು ಕೇಳಲು ನಿಮ್ಮ ಖಾಸಗಿ ಬದುಕನ್ನೆಲ್ಲ ಬಿಚ್ಚಿಡಬೇಕಾಗಿಲ್ಲ. ಕೌಟುಂಬಿಕ ಹಿಂಸೆಯ ಸಹಾಯವಾಣಿಗೆ “ನನ್ನ ಸಂಗಾತಿ ನಾನು ಬೇಡ ಅಂದರೂ ಬಲವಂತ ಮಾಡಿದ, ಬೆದರಿಸುತ್ತಿದ್ದಾನೆ” ಅಂದರೆ ಸಾಕು. ಡಾಕ್ಟರಿಗೆ ಮಾತ್ರ ಗಾಯ ಹೇಗಾಯಿತು ಅಂತ ನಿಜ ಹೇಳಿ, ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ. ಬಲವಂತದ ಸಂಭೋಗ ಆಗಿದ್ದರೆ ಬೇಗ ಹೋಗಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ತುರ್ತು ಗರ್ಭನಿರೋಧಕ ಐದು ದಿನದೊಳಗೆ ಕೆಲಸ ಮಾಡುತ್ತದೆ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಮೆಸೇಜುಗಳನ್ನು ಅಳಿಸಬೇಡಿ, ಮುಖ್ಯವಾಗಿ ನೀವು ಬೇಡ ಅಂದಿದ್ದನ್ನು ಮತ್ತು ಅದಕ್ಕೆ ಬಂದ ಉತ್ತರವನ್ನು. ಅವರ ಕೈಗೆ ಸಿಗದ ಕಡೆ ಪ್ರತಿ ಇಡಿ. ಖಾಸಗಿ ಚಿತ್ರದ ಬೆದರಿಕೆ ಇದ್ದರೆ 2021ರಲ್ಲಿ ಶುರುವಾದ ಸ್ಟಾಪ್‌ಎನ್‌ಸಿಐಐ ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಜೊತೆಗೂಡಿರುವ ಜಾಲತಾಣಗಳು ಅದನ್ನು ನೋಡಿ ಚಿತ್ರವನ್ನು ತಡೆಯುತ್ತವೆ.

ಬಿಟ್ಟು ಬರುವ ಹೊತ್ತು ಹೆಚ್ಚು ಅಪಾಯದ್ದು. ಎದುರು ನಿಂತು “ಹೋಗುತ್ತಿದ್ದೇನೆ” ಅಂತ ಹೇಳಲೇಬೇಕು ಅಂತೇನಿಲ್ಲ. ದಾಖಲೆ, ಸ್ವಲ್ಪ ಹಣ, ಔಷಧ ಮೊದಲೇ ಹೊರಗೆ ಇಡಿ. ಫೋನಿನ ಲೊಕೇಶನ್ ಹಂಚಿಕೆ ನೋಡಿ. ಅದನ್ನು ಮೊದಲೇ ಆಫ್ ಮಾಡಿದರೆ ಅವರಿಗೆ ಅನುಮಾನ ಬರಬಹುದು, ಹಾಗಾಗಿ ಯಾವಾಗ ಅನ್ನುವುದನ್ನು ಸಹಾಯವಾಣಿಯವರ ಜೊತೆ ಕೂತು ಯೋಚಿಸಿ.

ಸಮಾಲೋಚಕರನ್ನು ಹುಡುಕುವಾಗ ಮೊದಲ ಫೋನಿನಲ್ಲೇ ಕೇಳಿ: “ಬಿಡಿಎಸ್‌ಎಂ ಬಗ್ಗೆ ನಿಮ್ಮ ಅಭಿಪ್ರಾಯ ಏನು?” ‘ಅದನ್ನು ಬಿಡಿಸೋಣ’ ಅಂದರೆ ಬೇರೆಯವರನ್ನು ನೋಡಿ. ‘ಅದೆಲ್ಲ ಮಾಮೂಲು ಬಿಡಿ’ ಅಂತ ನಿಮ್ಮ ನೋವನ್ನು ತಳ್ಳಿಹಾಕಿದರೂ ಬೇರೆಯವರನ್ನೇ ನೋಡಿ. ಅಮೆರಿಕದಲ್ಲಿ 1997ರಲ್ಲಿ ಹುಟ್ಟಿದ ನ್ಯಾಷನಲ್ ಕೊಯಲಿಷನ್ ಫಾರ್ ಸೆಕ್ಷುಯಲ್ ಫ್ರೀಡಂ ಈ ಬದುಕನ್ನು ಬಲ್ಲ ವೃತ್ತಿಪರರ ಪಟ್ಟಿ ಇಟ್ಟಿದೆ. ಹತ್ತಿರ ಯಾರೂ ಸಿಗದಿದ್ದರೆ, ಲೈಂಗಿಕ ಆಘಾತದಲ್ಲಿ ಪಳಗಿದ, ತಿಳಿಯದ್ದನ್ನು ಕೇಳಿ ಕಲಿಯುವ ಮನಸ್ಸಿರುವ ಯಾರಾದರೂ ಆಗುತ್ತದೆ.

ಚೇತರಿಸಿಕೊಳ್ಳುವಾಗ “ನನ್ನ ಆಸೆಯೇ ಇದಕ್ಕೆ ಕಾರಣವಾ?” ಅಂತ ಕೇಳುತ್ತಾರೆ. ಅಲ್ಲ. ಕಾರಣ ಹಿಂಸೆ ಮಾಡಿದವರು. ಕೆಲವರು ಈ ಲೋಕದಿಂದ ದೂರ ಉಳಿಯುತ್ತಾರೆ, ಕೆಲವರು ನಿಧಾನವಾಗಿ ಮರಳುತ್ತಾರೆ. ಎರಡೂ ಸರಿ, ಯಾವುದಕ್ಕೂ ಅವಸರ ಇಲ್ಲ.

ಗೆಳತಿಯೋ ಗೆಳೆಯನೋ ನಿಮ್ಮ ಹತ್ತಿರ ಹೇಳಿಕೊಂಡರೆ, ಸೀನ್‌ನ ವಿವರ ಕೆದಕಬೇಡಿ. “ನಂಬುತ್ತೇನೆ, ಇವತ್ತು ರಾತ್ರಿ ಸುರಕ್ಷಿತವಾಗಿ ಇರಲು ಜಾಗ ಇದೆಯಾ?” ಅಂತ ಕೇಳಿ. ಅವರ ಅನುಮತಿ ಇಲ್ಲದೆ ಇನ್ನೊಬ್ಬರಿಗೆ ಹೇಳಬೇಡಿ. ಹಿಂಸೆ ಮಾಡಿದವರ ಜೊತೆ ನೀವಾಗಿ ಜಗಳಕ್ಕೆ ಹೋಗಬೇಡಿ, ಆ ಸಿಟ್ಟು ನಿಮ್ಮ ಹತ್ತಿರ ಹೇಳಿಕೊಂಡವರ ಮೇಲೆ ತಿರುಗುತ್ತದೆ. ಅವರು ಮತ್ತೆ ಅದೇ ಸಂಗಾತಿಯ ಬಳಿ ಹೋಗಬಹುದು, ತುಂಬಾ ಜನ ಹಾಗೆ ಹೋಗಿ ಬಂದೇ ಕೊನೆಗೆ ಹೊರಬರುತ್ತಾರೆ. ಆಗಲೂ ಅವರ ಫೋನ್ ಬಂದರೆ ತೆಗೆಯಿರಿ.