ಉಸಿರಿಗೆ ಕಷ್ಟಪಡುವ ಪುಟ್ಟ ಮಗುವಿಗೆ ನೂರಕ್ಕೆ ನೂರು ಆಕ್ಸಿಜನ್ ಏಕೆ ಕೊಡುವುದಿಲ್ಲ?

ಪ್ರಶ್ನೆ: ನಮ್ಮ ಮಗು 29ನೇ ವಾರಕ್ಕೇ ಹುಟ್ಟಿದೆ, ತೂಕ 1,150 ಗ್ರಾಂ. ಉಸಿರಾಟದ ತೊಂದರೆ ಇದೆ ಎಂದು ಮೂಗಿಗೆ ಸಿಪ್ಯಾಪ್ (ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಅಳವಡಿಸಿದ್ದಾರೆ. ಆದರೆ ಯಂತ್ರ ಆಕ್ಸಿಜನ್ ಶೇಕಡಾ 30 ಎಂದಷ್ಟೇ ತೋರಿಸುತ್ತಿದೆ, ಅದನ್ನೂ ಇಳಿಸುತ್ತಾ ಬರುತ್ತಿದ್ದಾರೆ. ಪೂರ್ತಿ ಆಕ್ಸಿಜನ್ ಕೊಟ್ಟರೆ ಮಗು ಬೇಗ ಚೇತರಿಸಿಕೊಳ್ಳುವುದಿಲ್ಲವೇ?

ಉತ್ತರ: ವಾರಗಳ ಲೆಕ್ಕವೂ ತೂಕವೂ ಬದಲಾಗುತ್ತವೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲಲ್ಲಿ ತಂದೆಗೆ ಹೇಳಿದ್ದನ್ನು ಅಜ್ಜಿಗೆ, ಅಜ್ಜಿಗೆ ಹೇಳಿದ್ದನ್ನು ಸೋದರಮಾವನಿಗೆ, ಸಂಜೆ ಮತ್ತೆ ತಂದೆಗೇ ಹೇಳಬೇಕಾಗುವುದರಿಂದ ಈ ಬಾರಿ ಬರೆದೇ ಇಡುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ.

ಮೊದಲು ಕಾಯಿಲೆಯ ವಿಷಯ. ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳ ಒಳಮೈಯಲ್ಲಿ ತೆಳುವಾದ ದ್ರವದ ಪದರವಿರುತ್ತದೆ. ಆ ದ್ರವದ ಮೇಲ್ಮೈ ಎಳೆತವನ್ನು ತಗ್ಗಿಸುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ವಸ್ತುವನ್ನು ಶ್ವಾಸಕೋಶವೇ ತಯಾರಿಸುತ್ತದೆಯಾದರೂ, ಅದು ಸಾಕಷ್ಟು ಸಿದ್ಧವಾಗುವುದು ಗರ್ಭದ ಸುಮಾರು 34-35ನೇ ವಾರದ ಹೊತ್ತಿಗೆ. ಅದಕ್ಕೂ ಮೊದಲೇ ಹುಟ್ಟಿದ ಮಗು ಉಸಿರು ಬಿಟ್ಟಾಗಲೆಲ್ಲ ಗಾಳಿಗೂಡುಗಳು ಒದ್ದೆಯಾದ ಎರಡು ಪ್ಲಾಸ್ಟಿಕ್ ಹಾಳೆಗಳಂತೆ ಅಂಟಿಕೊಳ್ಳುತ್ತವೆ, ಪ್ರತಿ ಉಸಿರಿಗೂ ಅವನ್ನು ಹೊಸದಾಗಿ ಬಿಡಿಸಬೇಕಾಗುತ್ತದೆ. ಮೂಗಿನ ಹೊಳ್ಳೆ ಅರಳುವುದು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುವುದು, ಉಸಿರು ನಿಮಿಷಕ್ಕೆ 60 ದಾಟುವುದು ಎಲ್ಲವೂ ಆ ದುಡಿಮೆಯ ಗುರುತುಗಳು. ಸರ್ಫ್ಯಾಕ್ಟೆಂಟ್ ಕೊರತೆಯೇ ಇದಕ್ಕೆ ಮೂಲ ಎಂದು ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿಕೊಟ್ಟದ್ದು 1959ರಲ್ಲಿ.

ನಿಮ್ಮ ಪ್ರಶ್ನೆಯ ಅಡಿಯಲ್ಲಿರುವ ತಪ್ಪು ಗ್ರಹಿಕೆ ಇಲ್ಲಿಯೇ ಕಾಣುತ್ತದೆ. ಮಗುವಿಗೆ ಒದಗುವ ಗಾಳಿಯಲ್ಲಿ ಆಕ್ಸಿಜನ್ ಸಾಲುತ್ತಿಲ್ಲ ಎಂದು ನೀವು ಭಾವಿಸಿದ್ದೀರಿ, ಆದರೆ ಸಾಲದಿರುವುದು ಅದನ್ನು ಹೀರಿಕೊಳ್ಳಲು ತೆರೆದಿರುವ ಗಾಳಿಗೂಡುಗಳು. ಮುಚ್ಚಿಕೊಂಡ ಗೂಡಿನ ಪಕ್ಕದಲ್ಲಿ ಹರಿಯುವ ರಕ್ತಕ್ಕೆ, ಹೊರಗೆ ಎಷ್ಟೇ ಶುದ್ಧ ಆಕ್ಸಿಜನ್ ಇದ್ದರೂ ಅದು ತಲುಪುವುದಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ ಇದೇ ಕಾಯಿಲೆಗೆ ತುತ್ತಾದಾಗ, ಅಧಿಕ ಒತ್ತಡದ ಆಕ್ಸಿಜನ್ ಕೋಣೆಯೊಳಗಿಟ್ಟು ಚಿಕಿತ್ಸೆ ಮಾಡಿದರು. ಸುಮಾರು 39 ಗಂಟೆಗಳಲ್ಲಿ ಮಗು ತೀರಿಕೊಂಡಿತು. ಆ ತಂದೆಗೆ ಸಿಗದೆ ನಿಮ್ಮ ಮಗುವಿಗೆ ಸಿಕ್ಕಿರುವುದು ಸಿಪ್ಯಾಪ್.

ಸಿಪ್ಯಾಪ್ ಮಾಡುವ ಕೆಲಸ ಸರಳ. ಮೂಗಿನ ಮೂಲಕ ಸಾಮಾನ್ಯವಾಗಿ ನೀರಿನ 5ರಿಂದ 8 ಸೆಂಟಿಮೀಟರ್‌ನಷ್ಟು ಒತ್ತಡವನ್ನು ಬಿಡದೆ ಕಾಯ್ದುಕೊಂಡು, ಉಸಿರು ಬಿಟ್ಟಾಗಲೂ ಗೂಡುಗಳು ಪೂರ್ತಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಬಬಲ್ ಸಿಪ್ಯಾಪ್‌ನಲ್ಲಿ ಹೊರಹೋಗುವ ಕೊಳವೆಯ ತುದಿಯನ್ನು ಅಷ್ಟೇ ಆಳಕ್ಕೆ ನೀರಿನಲ್ಲಿ ಮುಳುಗಿಸಿರುತ್ತಾರೆ. ನೀವು ಕೇಳುವ ಗುಳುಗುಳು ಸದ್ದು ಅದರದೇ. ಮಗು ನರಳಿದಂತೆ ಸದ್ದು ಮಾಡುವಾಗ ಗಂಟಲನ್ನು ಅರ್ಧ ಮುಚ್ಚಿ ತಾನೇ ಇಂಥ ಒತ್ತಡವನ್ನು ಉಂಟುಮಾಡಿಕೊಳ್ಳುತ್ತಿರುತ್ತದೆ. ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು 1971ರಲ್ಲಿ ಈ ಚಿಕಿತ್ಸೆಯನ್ನು ಪ್ರಕಟಿಸಿದರು. ಅಷ್ಟರಿಂದ ಸಾಲದಿದ್ದರೆ ಸರ್ಫ್ಯಾಕ್ಟೆಂಟನ್ನೇ ಶ್ವಾಸನಾಳದೊಳಗೆ ಹನಿಸುತ್ತಾರೆ, ಅದರಿಂದಲೂ ಆಗದಿದ್ದರೆ ವೆಂಟಿಲೇಟರ್.

ಇನ್ನು ಉಳಿದದ್ದು "ಹೆಚ್ಚು ಕೊಟ್ಟರೆ ನಷ್ಟವೇನು?" ಎಂಬ ವಾದ. ಇದನ್ನು ನನಗಿಂತ ಜೋರಾಗಿ ಹೇಳುವವರು ಸದಾ ಒಬ್ಬರಿರುತ್ತಾರೆ, ಆದ್ದರಿಂದ ನಿಧಾನವಾಗಿಯೇ ಬಿಡಿಸುತ್ತೇನೆ. 1940ರ ದಶಕದಲ್ಲಿ, ಒಳ್ಳೆಯ ಸೌಕರ್ಯವಿದ್ದ ಆಸ್ಪತ್ರೆಗಳಲ್ಲಿ ಬದುಕುಳಿದ ಅವಧಿಪೂರ್ವ ಶಿಶುಗಳು ಕುರುಡಾಗತೊಡಗಿದವು. 1942ರಲ್ಲಿ ಬಾಸ್ಟನ್ನಿನ ಥಿಯೊಡರ್ ಟೆರಿ ಈ ಕಣ್ಣಿನ ಕಾಯಿಲೆಯನ್ನು ವಿವರಿಸಿದರು, ಆದರೆ ಕಾರಣ ಹೊಳೆಯಲಿಲ್ಲ. ಆಕ್ಸಿಜನ್ ಮೇಲೆ ಬೆರಳು ತೋರಿಸಿದ್ದು 1951ರಲ್ಲಿ, ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್. ಅಮೆರಿಕದ 18 ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆ 1954ರ ಹೊತ್ತಿಗೆ ಅದನ್ನು ದೃಢಪಡಿಸುವಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡಿದ್ದರೆಂದು ಅಂದಾಜು. ಹೆಚ್ಚು ಕೊಟ್ಟರೆ ಒಳ್ಳೆಯದು ಎಂಬ ನಂಬಿಕೆಯನ್ನು ಆಗ ಹಿಡಿದಿದ್ದವರು ಬಂಧುಗಳಲ್ಲ, ವೈದ್ಯರೇ.

ಕಣ್ಣಿಗೆ ಆಗುವುದು ಇಷ್ಟು. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದ ರಕ್ತನಾಳಗಳು ನಡುಭಾಗದಿಂದ ಅಂಚಿನತ್ತ ಬೆಳೆಯುತ್ತಾ, ದಿನ ತುಂಬುವ ಹೊತ್ತಿಗೆ ಗುರಿ ಮುಟ್ಟುತ್ತವೆ. ರಕ್ತದಲ್ಲಿ ಆಕ್ಸಿಜನ್ ಅತಿಯಾದರೆ ಆ ಬೆಳವಣಿಗೆ ನಡುದಾರಿಯಲ್ಲೇ ನಿಲ್ಲುತ್ತದೆ. ಕೆಲವು ವಾರಗಳ ನಂತರ, ರಕ್ತ ಸಿಗದೆ ಉಳಿದ ಅಂಚಿನ ಭಾಗ ಹಸಿವಿನಿಂದ ಕರೆ ಕಳುಹಿಸಿದಾಗ ನಾಳಗಳು ಅಡ್ಡಾದಿಡ್ಡಿಯಾಗಿ ಚಿಗುರಿ, ಕಲೆಗಟ್ಟಿ, ತೀವ್ರವಾದರೆ ಅಕ್ಷಿಪಟಲವನ್ನೇ ಕಿತ್ತುಬಿಡುತ್ತವೆ. ಶ್ವಾಸಕೋಶವೂ ಪಾರಾಗುವುದಿಲ್ಲ. ಆಕ್ಸಿಜನ್‌ನ ವಿಷಕಾರಿ ಅಣುಗಳನ್ನು ತಟಸ್ಥಗೊಳಿಸುವ ಕಿಣ್ವಗಳು ಗರ್ಭದ ಕೊನೆಯ ವಾರಗಳಲ್ಲಿ ಪಕ್ವವಾಗುವುದರಿಂದ, ಅಪಕ್ವ ಶ್ವಾಸಕೋಶ ಅತಿಯಾದ ಆಕ್ಸಿಜನ್‌ನಿಂದಲೇ ಗಾಯಗೊಂಡು ಇನ್ನಷ್ಟು ಕಾಲ ಆಕ್ಸಿಜನ್ ಬೇಡುವ ಸ್ಥಿತಿಗೆ ಬರುತ್ತದೆ.

ಹಾಗಾದರೆ ಆದಷ್ಟೂ ಕಡಿಮೆ ಕೊಡಿ ಎನ್ನುವವರಿಗೂ ಉತ್ತರ ಇತಿಹಾಸದಲ್ಲೇ ಇದೆ. 1954ರ ನಂತರ ವೈದ್ಯರು ಬೆದರಿ ಆಕ್ಸಿಜನ್ನಿಗೆ ಕಡಿವಾಣ ಹಾಕಿದಾಗ ಕುರುಡು ಕಡಿಮೆಯಾಯಿತು, ಸಾವು ಹೆಚ್ಚಿತು. ತಪ್ಪಿಸಿದ ಒಂದೊಂದು ಕುರುಡಿಗೂ ಸುಮಾರು 16 ಶಿಶುಗಳು ಸತ್ತಿರಬಹುದೆಂದು ಕೆನೆತ್ ಕ್ರಾಸ್ 1973ರಲ್ಲಿ ಲೆಕ್ಕ ಹಾಕಿದರು. ಇತ್ತೀಚೆಗೆ 28 ವಾರ ತುಂಬದ ಸುಮಾರು 5,000 ಶಿಶುಗಳಲ್ಲಿ ಸ್ಯಾಚುರೇಶನ್ನನ್ನು (ರಕ್ತದ ಹೀಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ತುಂಬಿರುವ ಶೇಕಡಾ ಪ್ರಮಾಣ) 85-89ರಲ್ಲಿಡುವುದೋ 91-95ರಲ್ಲಿಡುವುದೋ ಎಂದು ಹಲವು ದೇಶಗಳಲ್ಲಿ ಹೋಲಿಸಿ ನೋಡಿದಾಗ, ಕೆಳಗಿನ ಗುರಿಯಲ್ಲಿ ಕಣ್ಣಿನ ತೊಂದರೆ ಕಡಿಮೆಯಾಗಿ ಸಾವು ಹೆಚ್ಚಾಗಿತ್ತು. ಆದ್ದರಿಂದಲೇ ಹೆಚ್ಚಿನ ಘಟಕಗಳು ಈಗ 90ರಿಂದ 95ರ ನಡುವೆ ಇರಿಸಲು ಹೆಣಗುತ್ತವೆ, ಮತ್ತು ನರ್ಸ್ ಆಕ್ಸಿಜನ್ ಗುಂಡಿಯನ್ನು ದಿನವಿಡೀ ಹಿಂದೆ ಮುಂದೆ ತಿರುಗಿಸುತ್ತಿರುತ್ತಾರೆ.

ಮಾನಿಟರ್ 100 ತೋರಿಸಿದಾಗ ನೀವು ಸಮಾಧಾನಪಡುತ್ತೀರಿ, ನಾವು ಕಳವಳಪಡುತ್ತೇವೆ. ಹೀಮೋಗ್ಲೋಬಿನ್ ಒಮ್ಮೆ ಪೂರ್ತಿ ತುಂಬಿದ ಮೇಲೆ ರಕ್ತದಲ್ಲಿ ಆಕ್ಸಿಜನ್ ಒತ್ತಡ ಎರಡು ಪಟ್ಟಾದರೂ ಮೂರು ಪಟ್ಟಾದರೂ ಪರದೆಯ ಮೇಲೆ ಅದೇ 100 ಇರುತ್ತದೆ, ಅತಿಯಾದದ್ದು ತಿಳಿಯುವುದೇ ಇಲ್ಲ. ಆದರೆ ಮಗು ಕೋಣೆಯ ಗಾಳಿಯನ್ನೇ, ಅಂದರೆ ಶೇಕಡಾ 21ರಷ್ಟು ಆಕ್ಸಿಜನ್ನನ್ನೇ ಉಸಿರಾಡುತ್ತಾ 99 ತೋರಿಸಿದರೆ ಸಂತೋಷಪಡಿ, ಅಲ್ಲಿ ಅತಿಯಾಗುವ ಭಯವಿಲ್ಲ. ನಿಮ್ಮ ಮಗುವಿನ 30 ಇಳಿಯುತ್ತಾ ಹೋಗಬೇಕಾಗಿರುವುದು ಆ 21ರ ಕಡೆಗೇ. ಇಳಿದಿರುವುದೆಂದರೆ ಗಾಳಿಗೂಡುಗಳು ತೆರೆಯುತ್ತಿವೆ ಎಂದೇ ಅರ್ಥ. ಹೀಗಿದ್ದೂ ಕಣ್ಣಿನ ಪರೀಕ್ಷೆಯನ್ನು, ಸಾಮಾನ್ಯವಾಗಿ ಹುಟ್ಟಿದ ನಾಲ್ಕು ವಾರದೊಳಗೆ, ತಪ್ಪದೆ ಮಾಡಿಸಬೇಕು.

ನೀವು ಕೇಳಿಲ್ಲ, ಆದರೆ ಔಷಧಿಯ ಪಟ್ಟಿ ಕೈಗೆ ಬಂದ ಕೂಡಲೇ ಕೇಳುತ್ತೀರಿ: ಮಗುವಿಗೆ ಕೆಫೀನ್ ಏಕೆ? ಹೌದು, ಕಾಫಿಯಲ್ಲಿರುವ ಕೆಫೀನೇ. ಗಾಳಿಗೂಡುಗಳು ತೆರೆದಿದ್ದರೂ, ಉಸಿರಾಡು ಎಂದು ಆಜ್ಞೆ ಕೊಡುವ ಮಿದುಳಿನ ಭಾಗ ಇನ್ನೂ ಎಳೆಯದಾಗಿರುವುದರಿಂದ ಇಂಥ ಶಿಶುಗಳು ಒಮ್ಮೊಮ್ಮೆ 20 ಸೆಕೆಂಡಿಗೂ ಹೆಚ್ಚು ಕಾಲ ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತವೆ. ಕೆಫೀನ್ ಆ ಭಾಗವನ್ನು ಎಚ್ಚರವಾಗಿಡುತ್ತದೆ. 500ರಿಂದ 1,250 ಗ್ರಾಂ ತೂಕದ ಸುಮಾರು 2,000 ಶಿಶುಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಫೀನ್ ಪಡೆದವುಗಳಿಗೆ ಉಸಿರಾಟದ ನೆರವು ಸುಮಾರು ಒಂದು ವಾರ ಮೊದಲೇ ಸಾಕಾಯಿತು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯೂ ಕಡಿಮೆಯಾಯಿತು. ದೊಡ್ಡವರ ದೇಹದಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುವ ಕೆಫೀನ್, ಈ ಶಿಶುಗಳಲ್ಲಿ ಅರ್ಧಕ್ಕಿಳಿಯಲು ಮೂರು ನಾಲ್ಕು ದಿನ ಬೇಕು. ಹೀಗಾಗಿ ದಿನಕ್ಕೊಂದೇ ಬಾರಿ ಕೊಟ್ಟರೂ ಸಾಕು. ಅದೇ ಕಾರಣದಿಂದ, ಸಾಮಾನ್ಯವಾಗಿ ಗರ್ಭದ ಲೆಕ್ಕದಲ್ಲಿ 34ನೇ ವಾರದ ಸುಮಾರಿಗೆ ಔಷಧಿ ನಿಲ್ಲಿಸಿದ ಮೇಲೂ ಮಗುವನ್ನು ಹಲವು ದಿನ ಮಾನಿಟರಿನಲ್ಲಿಟ್ಟು ನೋಡಬೇಕಾಗುತ್ತದೆ. ಕೆಫೀನ್ ನಿಂತ ದಿನವೇ ಮನೆಗೆ ಕಳುಹಿಸಿ ಎಂದು ಮಾತ್ರ ದಯವಿಟ್ಟು ಕೇಳಬೇಡಿ.