ಚಳಿಯಲ್ಲಿ ಎಂಜಿನ್ ಬೆಚ್ಚಗಾಗುವ ಬಗೆ

ಚಳಿಗಾಲದ ಬೆಳಗ್ಗೆ ಎಂಜಿನ್ ಚಾಲೂ ಮಾಡಿ, ಹತ್ತು ಹದಿನೈದು ನಿಮಿಷ ವಾಹನವನ್ನು ನಿಂತಲ್ಲೇ ಬಿಟ್ಟು, ಬೆಚ್ಚಗಾದ ಮೇಲೆ ಹೊರಡುವ ರೂಢಿ ಅನೇಕರಲ್ಲಿದೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಇದಕ್ಕೆ ಕಾರಣವಿತ್ತು: ತಣ್ಣನೆಯ ಲೋಹದ ಮೇಲೆ ಪೆಟ್ರೋಲ್ ಸರಿಯಾಗಿ ಆವಿಯಾಗದೆ, ಗಾಳಿಯನ್ನು ತಗ್ಗಿಸುವ ಚೋಕ್ ಎಳೆದಿದ್ದರೂ ಎಂಜಿನ್ ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ತಾಪಮಾನವನ್ನು ಗಮನಿಸಿ ಇಂಧನವನ್ನು ಹೆಚ್ಚುಕಡಿಮೆ ಮಾಡುವ ಕೆಲಸವನ್ನು ಕಂಪ್ಯೂಟರೇ ವಹಿಸಿಕೊಂಡಿದೆ. ರೂಢಿ ಮಾತ್ರ ಉಳಿದಿದೆ.

ಚಳಿಯಲ್ಲಿ ಎಂಜಿನ್‌ಗಿರುವ ಮೊದಲ ತೊಡಕು ಆಯಿಲ್‌ನದು. ತಣಿದ ಆಯಿಲ್ ಜೇನುತುಪ್ಪದಂತೆ ಮಂದವಾಗಿ, ಬೇರಿಂಗ್‌ಗಳನ್ನೂ ಎಂಜಿನ್‌ನ ಮೇಲ್ಭಾಗವನ್ನೂ ತಲುಪಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಕೆಲವೊಮ್ಮೆ ಫಿಲ್ಟರ್‌ನೊಳಗೆ ನುಗ್ಗಲಾರದೆ, ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ಲೇ ಮುಂದೆ ಹರಿಯುತ್ತದೆ. ಡಬ್ಬಿಯ ಮೇಲೆ ಕಾಣುವ 5ಡಬ್ಲ್ಯು-30 ಎಂಬ ಗುರುತಿನ ಮೊದಲ ಭಾಗ ಹೇಳುವುದು ಇದನ್ನೇ: 5ಡಬ್ಲ್ಯು ದರ್ಜೆಯ ಆಯಿಲನ್ನು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, 15ಡಬ್ಲ್ಯು ದರ್ಜೆಯದನ್ನು ಮೈನಸ್ 20 ಡಿಗ್ರಿಯಲ್ಲಿಯೂ, ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸಬಲ್ಲಷ್ಟು ತೆಳುವಾಗಿದೆಯೇ ಎಂದು ಪರೀಕ್ಷಿಸಲಾಗಿರುತ್ತದೆ. ಕಡು ಚಳಿಯ ಸೀಮೆಯಲ್ಲಿ ಈ ಅಂಕಿಯನ್ನು ನೋಡಿ ಆಯಿಲ್ ಹಾಕಿಸುವುದು, ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕಾಚಾರಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ.

ಎರಡನೆಯದು ಲೋಹಗಳ ಹಿಗ್ಗುವಿಕೆ. ಪಿಸ್ಟನ್ ಅಲ್ಯೂಮಿನಿಯಂನದು, ಅದು ಓಡಾಡುವ ಸಿಲಿಂಡರ್ ಗೋಡೆ ಹಲವು ಎಂಜಿನ್‌ಗಳಲ್ಲಿ ಎರಕದ ಕಬ್ಬಿಣದ್ದು; ಅಲ್ಯೂಮಿನಿಯಂ ಆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಬಿಸಿಯಾದಾಗ ಸರಿಹೊಂದುವಂತೆ ಪಿಸ್ಟನ್‌ನ ಸುತ್ತ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ತಣ್ಣಗಿರುವಾಗ ಕೆಲವು ಎಂಜಿನ್‌ಗಳಲ್ಲಿ ಕೇಳಿಬಂದು ಆಮೇಲೆ ಅಡಗುವ ಟಕಟಕ ಸದ್ದಿಗೆ ಈ ಸಡಿಲವೇ ಕಾರಣ.

ಹಾಗಾದರೆ ನಿಂತಲ್ಲೇ ಓಡಿಸಿ ಬಿಸಿಮಾಡಿದರೆ ತಪ್ಪೇನು? ಹೊರೆಯಿಲ್ಲದೆ ಓಡುವ ಎಂಜಿನ್ ಸುಡುವ ಇಂಧನ ಕಡಿಮೆ, ಹೀಗಾಗಿ ಹುಟ್ಟುವ ಶಾಖವೂ ಕಡಿಮೆ. ಡೀಸೆಲ್ ಎಂಜಿನ್‌ಗಳಲ್ಲಂತೂ ಇದು ಇನ್ನಷ್ಟು ಎದ್ದುಕಾಣುತ್ತದೆ. ಬೆಚ್ಚಗಾಗುವುದು ನಿಧಾನವಾದಷ್ಟೂ ಹೆಚ್ಚುವರಿ ಪೆಟ್ರೋಲ್ ಸಿಂಪಡಿಸುವ ಅವಧಿ ಬೆಳೆಯುತ್ತದೆ, ಆವಿಯಾಗದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಕೆಳಗಿಳಿದು ಆಯಿಲ್‌ನೊಂದಿಗೆ ಬೆರೆಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆಂಬುದು ಅನೇಕರಿಗೆ ಅಚ್ಚರಿಯೆನಿಸಬಹುದು. ತಣ್ಣನೆಯ ಎಂಜಿನ್ ಮತ್ತು ಸೈಲೆನ್ಸರ್‌ನಲ್ಲಿ ಅದರ ಒಂದಂಶ ಹನಿಗಟ್ಟಿ, ತುಕ್ಕಿಗೆ ದಾರಿಮಾಡುತ್ತದೆ. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಸುಮಾರು 250ರಿಂದ 300 ಡಿಗ್ರಿಗೆ ಏರುವವರೆಗೆ ಸರಿಯಾಗಿ ಕೆಲಸಮಾಡದು.

ಆದ್ದರಿಂದ ಆಯಿಲ್ ಎಲ್ಲೆಡೆ ತಲುಪಲು ಅರ್ಧ ನಿಮಿಷದಷ್ಟು ಬಿಟ್ಟು, ಗಾಜಿನ ಮೇಲಿನ ಹಿಮವನ್ನು ಪೂರ್ತಿ ತೆಗೆದು, ಮೆಲ್ಲನೆ ಹೊರಡುವುದೇ ಸರಿಯಾದ ಕ್ರಮ. ಗಿಯರ್‌ಬಾಕ್ಸ್, ಟೈರ್‌ಗಳು ಬೆಚ್ಚಗಾಗುವುದು ವಾಹನ ಓಡಿದಾಗ ಮಾತ್ರ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಸಾಮಾನ್ಯವಾಗಿ ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್‌ನ ಬಿಸಿಯನ್ನು. ಆಯಿಲ್ ಅದಕ್ಕಿಂತ ತಡವಾಗಿ ಬಿಸಿಯಾಗುತ್ತದೆ. ಮುಳ್ಳು ನಡುವಿಗೆ ಬಂದ ಮೇಲೂ ಕೆಲವು ನಿಮಿಷ ಆಕ್ಸಿಲರೇಟರನ್ನು ಜೋರಾಗಿ ಒತ್ತದಿರುವುದು, ಅದರಲ್ಲೂ ಟರ್ಬೊ ಇರುವ ಎಂಜಿನ್‌ಗಳಲ್ಲಿ, ಒಳ್ಳೆಯದು. ಮೈನಸ್ 20 ಡಿಗ್ರಿಗಿಂತ ಕೆಳಗಿಳಿಯುವ ಪ್ರದೇಶಗಳಲ್ಲಿ, ಎಂಜಿನ್ ಬ್ಲಾಕಿಗೆ ಅಳವಡಿಸಿದ ವಿದ್ಯುತ್ ಹೀಟರ್‌ನಿಂದ ಚಾಲೂ ಮಾಡುವ ಮೊದಲೇ ಅದನ್ನು ಬಿಸಿಮಾಡಿಟ್ಟುಕೊಳ್ಳುತ್ತಾರೆ. ತಣಿದ ಬ್ಯಾಟರಿಯ ಶಕ್ತಿ ಕುಂದಿರುವ ಹೊತ್ತಿನಲ್ಲಿ ಸ್ಟಾರ್ಟರ್‌ಗೂ ಅದರಿಂದ ಶ್ರಮ ತಗ್ಗುತ್ತದೆ.