ಟಿಟಿವೈ1ಗೆ ಎಕೋ ಮಾಡಿದರೆ ಕೀಲಿ ಒತ್ತಿದಂತೆ ಆಗುತ್ತಾ?

ಪ್ರಶ್ನೆ: ದೂರದ ಲಿನಕ್ಸ್ ಮಷೀನಿಗೆ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿದ್ದೇನೆ. ಅದರ ಮಾನಿಟರ್ ಮೇಲೆ ಒಂದು ಪ್ರೋಗ್ರಾಂ ‘ವೈ’ ಒತ್ತಿ ಅಂತ ಕಾಯ್ತಾ ಕೂತಿದೆ. ಅಲ್ಲಿ ಯಾರೂ ಇಲ್ಲ. ಆ ಮಾನಿಟರಿನ ಕನ್ಸೋಲ್ ಆದ ಟಿಟಿವೈ1ಗೆ ಎಕೋ ಮಾಡಿದೆ, ಅಂದರೆ ಎಕೋ ಕಮಾಂಡಿನಿಂದ ‘ವೈ’ ಬರೆದೆ, ಅಕ್ಷರ ಮೂಡಿತು, ಪ್ರೋಗ್ರಾಂ ಮಾತ್ರ ಕದಲಲಿಲ್ಲ. ಏನು ತಪ್ಪು?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. ಅವಸರ ಇದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೀಲಿ ಒತ್ತಿದಂತೆ ಮಾಡಲು ಕರ್ನಲ್ (ಲಿನಕ್ಸ್‌ನ ತಿರುಳು) ಕೊಡುವ ಎರಡು ಸೌಲಭ್ಯಗಳಿವೆ. ಯೂಇನ್‌ಪುಟ್ ಬಳಸಿ, ಇಲ್ಲವೇ ಟಿಐಒಸಿಎಸ್‌ಟಿಐ ಬಳಸಿ. ಎರಡಕ್ಕೂ ರೂಟ್ (ಮಷೀನಿನ ಮೇಲೆ ಪೂರ್ತಿ ಹಿಡಿತ ಇರುವ ಬಳಕೆದಾರ) ಅಧಿಕಾರ ಇದ್ದರೆ ಒಳ್ಳೆಯದು. ಆದರೆ ಈ ಎಕೋ ಭೂತವನ್ನು ಬಿಡಿಸದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ.

ಟಿಟಿವೈ1 ಒಂದೇ ಫೈಲ್ ಥರ ಕಾಣುತ್ತದೆ, ನಿಜ. ಆದರೆ ಅದಕ್ಕೆ ದಾರಿ ಎರಡು. ಬರೆದದ್ದು ಸ್ಕ್ರೀನಿಗೆ ಹೋಗುತ್ತದೆ. ಓದಿದರೆ ಕೀಬೋರ್ಡಿನಿಂದ ಬಂದದ್ದು ಸಿಗುತ್ತದೆ. ನೀವು ಎಕೋ ಮಾಡಿದ್ದು ಬರೆಯುವ ದಾರಿಯಲ್ಲಿ, ಪ್ರೋಗ್ರಾಂ ಕಾಯುತ್ತಿರುವುದು ಓದುವ ದಾರಿಯಲ್ಲಿ. ಎರಡೂ ಎಲ್ಲೂ ಸೇರುವುದಿಲ್ಲ.

ನಂಬಿಕೆ ಬರಲಿಲ್ವಾ? ಕಮಾಂಡ್ ಓದಿ ಓಡಿಸುವ ಶೆಲ್ ಏನು ಮಾಡುತ್ತದೆ ನೋಡಿ. ಪ್ರಾಂಪ್ಟ್, ಅಂದರೆ ಕಮಾಂಡ್ ಕೊಡಿ ಅನ್ನುವ ಗುರುತು, ತೋರಿಸಬೇಕಾದರೆ ಅದೂ ಇದೇ ಟಿಟಿವೈ1ಗೇ ಬರೆಯುತ್ತದೆ. ಬರೆದದ್ದೆಲ್ಲ ಇನ್‌ಪುಟ್ ಆಗುವಂತಿದ್ದರೆ ಶೆಲ್ ತನ್ನ ಪ್ರಾಂಪ್ಟನ್ನು ತಾನೇ ಓದಿಕೊಂಡು, ಅದನ್ನೇ ಕಮಾಂಡ್ ಅಂತ ಓಡಿಸಲು ಹೋಗಿ, ಬಂದ ಎರರನ್ನೂ ಮತ್ತೆ ಕಮಾಂಡ್ ಅಂದುಕೊಂಡು ಸುತ್ತುತ್ತಲೇ ಇರಬೇಕಿತ್ತು.

ಇಷ್ಟು ಹೇಳಿದ ಮೇಲೂ ಕೇಳುತ್ತಾರೆ, ಕೊನೆಗೆ ಎಂಟರ್ ಸೇರಿಸಿದರೆ? ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆ, ಅಷ್ಟೇ. ರೂಟ್ ಆಗಿ ಎಕೋ ಮಾಡಿದರೆ? ರೂಟ್ ಬರೆದ ಅಕ್ಷರ ಸ್ಕ್ರೀನಿನಲ್ಲಿ ಮೂಡುತ್ತದೆ. ಪ್ರೋಗ್ರಾಮಿನ ವಿವರ ಇರುವ ಪ್ರೊಕ್ ಫೋಲ್ಡರಿನೊಳಗಿನ ಸೊನ್ನೆ ನಂಬರಿನ ಎಫ್‌ಡಿಗೆ, ಅಂದರೆ ಅದರ ಇನ್‌ಪುಟ್ ಬಾಗಿಲಿಗೆ, ಬರೆದರೆ? ಅದು ಅದೇ ಟಿಟಿವೈ1ಕ್ಕೆ ತೋರುವ ಲಿಂಕ್, ಸುತ್ತಿ ಬಳಸಿ ಅಲ್ಲಿಗೇ ಬಂದಿರಿ. ಈ ಕೊನೆಯದು ಮಾತ್ರ ಕೆಲವರಿಗೆ ನಿಜಕ್ಕೂ ಕೆಲಸ ಮಾಡಿರುತ್ತದೆ, ಅದಕ್ಕೇ ಈ ನಂಬಿಕೆ ಸಾಯುತ್ತಿಲ್ಲ. ಅವರ ಪ್ರೋಗ್ರಾಮಿನ ಇನ್‌ಪುಟ್ ಟಿಟಿವೈ ಆಗಿರಲಿಲ್ಲ, ಪೈಪ್ ಆಗಿತ್ತು. ಪೈಪಿನ ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಯಲ್ಲಿ ಬರುತ್ತದೆ. ಟಿಟಿವೈ ಪೈಪ್ ಅಲ್ಲ.

ಈಗ ಕೆಲಸಕ್ಕೆ ಬರುವ ದಾರಿಗಳು. ಟಿಐಒಸಿಎಸ್‌ಟಿಐ ಅನ್ನೋದು ಒಂದು ಐಆಕ್ಟಲ್, ಅಂದರೆ ಪ್ರೋಗ್ರಾಂ ಕರ್ನಲ್ಲಿಗೆ ಕೊಡುವ ಒಂದು ವಿಶೇಷ ಆದೇಶ. ಒಂದೊಂದೇ ಬೈಟನ್ನು ಟಿಟಿವೈಯ ಇನ್‌ಪುಟ್ ಸಾಲಿಗೆ, ಯಾರೋ ಟೈಪ್ ಮಾಡಿದ ಹಾಗೆಯೇ, ತಳ್ಳುತ್ತದೆ. ನಾಲ್ಕೈದು ಸಾಲಿನ ಪೈಥಾನ್ ಸಾಕು. ಆದರೆ ಇದನ್ನು ಜನ ಕೆಟ್ಟದ್ದಕ್ಕೂ ಬಳಸಿದ್ದಾರೆ. ರೂಟ್ ಟರ್ಮಿನಲ್ಲಿನಿಂದ ಕಡಿಮೆ ಅಧಿಕಾರದಲ್ಲಿ ಓಡಿಸಿದ ಪ್ರೋಗ್ರಾಂ, ಹೊರಗೆ ಹೋಗುವ ಮೊದಲು ರೂಟ್ ಶೆಲ್ ಓದುವಂತೆ ಕಮಾಂಡ್ ತುರುಕಿಬಿಡಬಹುದು. ಓಪನ್‌ಬಿಎಸ್‌ಡಿ 2017ರಲ್ಲೇ ಇದನ್ನು ಕಿತ್ತು ಹಾಕಿತು. ಲಿನಕ್ಸ್‌ನಲ್ಲಿ 2023ರ 6.2 ಕರ್ನಲ್‌ನಿಂದ ಇದನ್ನು ಆಫ್ ಮಾಡಿಡುವ ಸೌಲಭ್ಯ ಬಂದಿದೆ. ನಿಮ್ಮಲ್ಲಿ ಇನ್‌ಪುಟ್ ಔಟ್‌ಪುಟ್ ಎರರ್ ಬಂದರೆ ಮೊದಲು ಅದನ್ನು ನೋಡಿ.

ಯೂಇನ್‌ಪುಟ್ ಇನ್ನೂ ಕೆಳಗಿನಿಂದ ಕೆಲಸ ಮಾಡುತ್ತದೆ. ಒಂದು ಸುಳ್ಳು ಕೀಬೋರ್ಡನ್ನೇ ಹುಟ್ಟಿಸುತ್ತದೆ, ಕರ್ನಲ್ ಅದನ್ನು ನಿಜವಾದ ಕೀಬೋರ್ಡ್ ಅಂತಲೇ ನಡೆಸಿಕೊಳ್ಳುತ್ತದೆ. ಆದ್ದರಿಂದ ಕೀಲಿಗಳು ಸದ್ಯ ಸ್ಕ್ರೀನಿನ ಮುಂದೆ ಇರುವ ಕನ್ಸೋಲಿಗೇ ಹೋಗುತ್ತವೆ. ಟಿಟಿವೈ1 ಮುಂದೆ ಇಲ್ಲದಿದ್ದರೆ ಮೊದಲು ಕನ್ಸೋಲ್ ಬದಲಿಸುವ ಸಿಎಚ್‌ವಿಟಿ ಕಮಾಂಡಿನಿಂದ ತನ್ನಿ. ಇನ್ನೊಂದು, ಇಲ್ಲಿ ಕಳಿಸುವುದು ಅಕ್ಷರ ಅಲ್ಲ, ಕೀಲಿಯ ನಂಬರ್. ‘ಎ’ ಅಂದರೆ 30, ಎಂಟರ್ ಅಂದರೆ 28. ಆ ಮಷೀನಿನಲ್ಲಿ ಫ್ರೆಂಚ್ ಲೇಔಟ್ ಇದ್ದರೆ 30 ಒತ್ತಿದಾಗ ‘ಕ್ಯೂ’ ಮೂಡುತ್ತದೆ. ಕೀಲಿ ಒತ್ತಿದ್ದಕ್ಕೆ 1, ಬಿಟ್ಟಿದ್ದಕ್ಕೆ 0, ಪ್ರತಿ ಸಲ ಕೊನೆಗೊಂದು ಸಿಂಕ್, ಅಂದರೆ ಇಲ್ಲಿಗೆ ಮುಗಿಯಿತು ಅನ್ನುವ ಸೂಚನೆ. ನಾನೊಮ್ಮೆ ರಿಪೀಟ್ ಆನ್ ಮಾಡಿ, ‘ಎ’ ಒತ್ತಿ, ಬಿಡೋದನ್ನು ಮರೆತೆ. ಪ್ರೋಗ್ರಾಂ ನಿಲ್ಲಿಸುವಷ್ಟರಲ್ಲಿ ಲಾಗಿನ್ ಪ್ರಾಂಪ್ಟಿನ ಮುಂದೆ ಎರಡು ಸಾಲು ‘ಎ’ ತುಂಬಿತ್ತು. ಕೀಬೋರ್ಡ್ ಹುಟ್ಟಿಸಿದ ತಕ್ಷಣ ಕೀಲಿ ಒತ್ತಬೇಡಿ, ಒಂದು ಸೆಕೆಂಡ್ ತಡೆಯಿರಿ. ಇಲ್ಲದಿದ್ದರೆ ಮೊದಲ ಕೆಲವು ಅಕ್ಷರ ಮಾಯ ಆಗಬಹುದು.

ಮಷೀನ್ ಆನ್ ಆದಾಗ ಮೊದಲು ಬರುವ ಬಯೋಸ್ ಪರದೆಯಲ್ಲಿ ಸಿಕ್ಕಿಕೊಂಡಿದ್ದರೆ ಇವೆರಡೂ ದಂಡ. ಅಲ್ಲಿ ಕರ್ನಲ್ಲೇ ಇನ್ನೂ ಎದ್ದಿಲ್ಲ. ಸರ್ವರಿನ ಬಿಎಂಸಿ (ದೂರದಿಂದ ನಿಯಂತ್ರಿಸಲು ಅದರಲ್ಲೇ ಇರುವ ಬೇರೆ ಚಿಪ್) ಅಥವಾ ಐಪಿ ಕೆವಿಎಂ (ಅದೇ ಕೆಲಸಕ್ಕೆ ಹೊರಗಿನಿಂದ ಜೋಡಿಸುವ ಪೆಟ್ಟಿಗೆ) ಬೇಕು. ಅವು ಹೊರಗಿನಿಂದಲೇ ಯುಎಸ್‌ಬಿ ಕೀಬೋರ್ಡಿನ ವೇಷ ಹಾಕುತ್ತವೆ. ಅಲ್ಲಿ ‘ಎ’ ನಂಬರ್ 30 ಅಲ್ಲ, 4. ಯುಎಸ್‌ಬಿಯ ಪಟ್ಟಿಯೇ ಬೇರೆ.

ಇದೆಲ್ಲ ಸರಿ, ಆದರೆ ಕುರುಡಾಗಿ ‘ವೈ’ ಒತ್ತುತ್ತೀರಲ್ಲ, ಸ್ಕ್ರೀನಿನಲ್ಲಿ ಈಗ ಏನಿದೆ ಅಂತ ನೋಡೋದು ಬೇಡ್ವಾ? ಇದನ್ನು ಯಾರೂ ಕೇಳೋದೇ ಇಲ್ಲ. ಟಿಟಿವೈ1 ಇರುವ ಡೆವ್ ಫೋಲ್ಡರಿನಲ್ಲೇ ವಿಸಿಎಸ್1 ಅಂತ ಒಂದು ಫೈಲ್ ಇದೆ. ರೂಟ್ ಆಗಿ ಅದನ್ನು ಕ್ಯಾಟ್ ಕಮಾಂಡಿನಿಂದ ಓದಿ, ಟಿಟಿವೈ1ರ ಸ್ಕ್ರೀನಿನಲ್ಲಿ ಕಾಣುವ ಅಕ್ಷರಗಳೆಲ್ಲ ಬರುತ್ತವೆ. ಒಂದೇ ಉದ್ದ ಸಾಲಾಗಿ ಬರುತ್ತವೆ, ಯಾಕೆಂದರೆ ಅದರಲ್ಲಿ ಸಾಲು ಮುರಿಯುವ ಗುರುತೇ ಇಲ್ಲ. 80 ಕಾಲಂ ಸ್ಕ್ರೀನ್ ಆದರೆ ಉದ್ದ ಸಾಲನ್ನು ತುಂಡು ಮಾಡುವ ಫೋಲ್ಡ್ ಕಮಾಂಡಿಗೆ 80 ಅಂತ ಕೊಡಿ, ಸರಿಯಾಗಿ ಕೂರುತ್ತದೆ. ಅಗಲ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಪಕ್ಕದ ವಿಸಿಎಸ್‌ಎ1 ನೋಡಿ. ಅದರ ಮೊದಲ ನಾಲ್ಕು ಬೈಟ್‌ಗಳಲ್ಲಿ ಸಾಲು ಎಷ್ಟು, ಕಾಲಂ ಎಷ್ಟು, ಕರ್ಸರ್ ಎಲ್ಲಿದೆ, ಎಲ್ಲ ಇರುತ್ತದೆ.